ಆಗಲ್ಲ ಅನ್ನುವ ಮಾವನೂ ನನ್ನ ಕ್ಯಾರೆಟ್ ಕೆಮಿಸ್ಟ್ರಿಯೂ

ಕ್ಯಾರೆಟ್ಟಿನಿಂದ ಕೆಮಿಸ್ಟ್ರಿ ಮಾಡಲು ಆಗಲ್ಲ ಎಂದು ಮೊಟ್ಟಮೊದಲು ಹೇಳಿದವನು ನನ್ನ ಸೋದರಮಾವ. ಅವನೇನು ರಸಾಯನಶಾಸ್ತ್ರದ ಪಂಡಿತನಲ್ಲ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆ ಕುರಿ ಮೇಯಿಸಿಕೊಂಡು, ಸುಡುಬಿಸಿಲಿನಲ್ಲೂ ಹೆಗಲ ಮೇಲಿನ ಕಂಬಳಿ ಇಳಿಸದೆ ತಿರುಗುವ ಮನುಷ್ಯ. ಬೇರೆ ಯಾರಾದರೂ ಹೀಗೆ ಅಂದಿದ್ದರೆ ನಾನು ಕುಗ್ಗಿಹೋಗುತ್ತಿದ್ದೆನೋ ಏನೋ. ಆದರೆ ಮಾವ ಅಂದನಲ್ಲ! ಅರ್ಧ ಡಿಗ್ರಿ ಆಗಲೇ ಕೈಗೆ ಬಂದಷ್ಟು ಖುಷಿಯಾಯಿತು.

ಯಾಕೆ ಅಂತೀರಾ? ನಮ್ಮ ಮಾವ ಆಗಲ್ಲ ಅಂದ ಕೆಲಸ ಆಗದೆ ಉಳಿದದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

(ಅವನು, ಇವನು ಎಂದು ಬರೆಯುತ್ತಿದ್ದೇನೆಂದು ಓದುಗರು ಬೇಸರಿಸಬಾರದು. ಎಂಎಸ್ಸಿಗೆ ಸೇರಿದ ಹೊಸತರಲ್ಲಿ ನಾಗರಿಕಳಾಗೋಣ ಎಂದು ಒಮ್ಮೆ "ಬನ್ನಿ ಮಾವ, ಕೂತ್ಕೊಳ್ಳಿ" ಅಂದಿದ್ದೆ. ಮಾವ ಹಿಂದೆ ತಿರುಗಿ ಬಾಗಿಲ ಕಡೆ ನೋಡಿ, "ಇನ್ಯಾರು ಬಂದವ್ರೆ?" ಅಂದ. ಅಲ್ಲಿಗೆ ನನ್ನ ನಾಗರಿಕತೆ ಮುಗಿಯಿತು.)

ಮಾವನ ಜೊತೆ ಬಸ್ಸಿಗೆ ಕಾಯುವುದು ಒಂದು ತಪಸ್ಸು. ನಿಂತ ಕೂಡಲೇ "ಬಸ್ ಬರಲ್ಲ" ಅನ್ನುತ್ತಾನೆ. ತಿರುವಿನಲ್ಲಿ ಬಸ್ಸು ಕಂಡರೆ "ಅದು ನಮ್ಮೂರ್ ಬಸ್ಸಲ್ಲ" ಅನ್ನುತ್ತಾನೆ. ಬೋರ್ಡು ಓದಿ ಹೇಳಿದರೆ "ನಿಲ್ಸಲ್ಲ" ಅನ್ನುತ್ತಾನೆ. ನಿಲ್ಲಿಸಿದರೆ "ಸೀಟ್ ಇರಲ್ಲ". ಸೀಟು ಸಿಕ್ಕಿ ಕೂತು, ಕಂಬಳಿ ಮಡಿಲಿಗೆ ಎಳೆದುಕೊಂಡು, ಟಿಕೆಟ್ಟನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡ ಮೇಲಾದರೂ ಸುಮ್ಮನಿರಬೇಕೋ ಬೇಡವೋ? "ಈ ಗಾಡಿ ಊರು ಮುಟ್ಟಲ್ಲ ಬಿಡು" ಎಂದು ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಾನೆ! ಊರು ಮುಟ್ಟಲ್ಲ ಎಂದು ನಿಜವಾಗಿ ನಂಬಿದ ಮನುಷ್ಯ ಅಷ್ಟು ನೆಮ್ಮದಿಯಾಗಿ ಗೊರಕೆ ಹೊಡೆಯುವುದುಂಟೆ?

ಈ ಬಾಯಿಯ ಮಹಿಮೆ ಊರಿಗೆ ಗೊತ್ತಾದದ್ದು ಒಂದು ಬೋರ್‌ವೆಲ್ಲಿನಿಂದ. ಪಕ್ಕದ ಹೊಲದವರು ತೆಂಗಿನಕಾಯಿ ಒಡೆದು ಕೊರೆಸಲು ಶುರು ಮಾಡಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಮಾವ ನಿಂತು, "ನೀರು ಬೀಳಲ್ಲ ಕಣ್ರಪ್ಪ" ಅಂದ. ಹೊಲದವರು ಹೊಡೆಯಲು ಬಂದರು. ಅಷ್ಟರಲ್ಲಿ ನೀರು ಬುಗ್ಗೆ ಎದ್ದು ಮಾವನ ಕಂಬಳಿಯನ್ನೇ ತೋಯಿಸಿತು. ಹೊಡೆಯಲು ಎತ್ತಿದ ಕೈಗಳು ಹಾಗೇ ಜೋಡಿಕೊಂಡವು. ಅಂದಿನಿಂದ ಊರವರು ಯಾವ ಶುಭಕಾರ್ಯಕ್ಕೆ ಹೊರಟರೂ ನಮ್ಮ ಮಾವನ ಮನೆ ಮುಂದೆ ಒಂದು ಗಳಿಗೆ ನಿಲ್ಲತೊಡಗಿದರು. ಹಾಲಿನ ಡೈರಿ ಚುನಾವಣೆಗೆ ನಿಂತವರು ಬಂದರು. ಮಗನ ಪೊಲೀಸ್ ಪರೀಕ್ಷೆಗೆಂದು ತಾಯಂದಿರು ಬಂದರು. ಒಬ್ಬರಂತೂ ಹೊಸ ಟ್ರ್ಯಾಕ್ಟರನ್ನೇ ಓಡಿಸಿಕೊಂಡು ಬಂದು, "ಇದುಕ್ಕೊಂದು ಮಾತು ಹೇಳು" ಎಂದು ಮುಂದೆ ನಿಲ್ಲಿಸಿದರು. ಮಾವ ಎಲ್ಲರಿಗೂ ಧಾರಾಳವಾಗಿ ಆಗಲ್ಲ ಅಂದ. ಎಲ್ಲರೂ ನಗುನಗುತ್ತ ಹೋದರು.

ಒಮ್ಮೆ ಮಾವ ಹಿರಿಯೂರಿಗೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದ. ಬಾಯಿ ತುಂಬ ಹತ್ತಿ. ಒಂದು ಗಂಟೆ ಬಾಯಿ ಬಿಡಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅದೇ ಹೊತ್ತಿಗೆ ಹೊಸದುರ್ಗದ ಕಡೆ ಮಗಳ ಸಂಬಂಧ ಗಟ್ಟಿಮಾಡಲು ಹೊರಟಿದ್ದ ನೆರೆಮನೆಯವರು ಕಾರು ತಂದು ನಿಲ್ಲಿಸಿದರು.

"ಬೇಗ ಒಂದು ಮಾತು ಅಂದ್ಬಿಡಪ್ಪ, ಹೊತ್ತಾಗ್ತೈತೆ."

ಮಾವ ಬಾಯಿ ತೋರಿಸಿದ.

"ತಲೆನಾದ್ರೂ ಆಡ್ಸು!"

ಮಾವ ತಲೆ ಆಡಿಸಿದ. ಆದರೆ ಹೇಗೆ ಆಡಿಸಿದ? ಅಡ್ಡಕ್ಕೋ ಉದ್ದಕ್ಕೋ? ಅಡ್ಡಕ್ಕೆ ಎಂದು ಹುಡುಗಿಯ ಅಪ್ಪ. ಅಲ್ಲ, ಸ್ವಲ್ಪ ಉದ್ದಕ್ಕೂ ಹೋಯಿತು ಎಂದು ಹುಡುಗಿಯ ಅಜ್ಜಿ. ಕಾರಿನಲ್ಲೇ ಎರಡು ಪಕ್ಷವಾಯಿತು. ಕೊನೆಗೆ ಯಾಕೆ ಬೇಕು ರಗಳೆ ಎಂದು ಎಲ್ಲರೂ ಇಳಿದು ನಮ್ಮ ಮಾವನ ಜಗಲಿ ಮೇಲೆ ಸಾಲಾಗಿ ಕೂತು, ಅವನ ಬಾಯನ್ನೇ ನೋಡುತ್ತ ಕಾದರು. ಗಂಟೆ ಕಳೆದ ಮೇಲೆ ಮಾವ ಹತ್ತಿ ಉಗಿದು, ಬಾಯಿ ಮುಕ್ಕಳಿಸಿ, "ಇದು ಕೂಡಿಬರಲ್ಲ ಬಿಡ್ರಿ" ಅಂದ. ಆಹಾ, ಏನು ಸಂತೋಷ ಅವರಿಗೆ! ಮದುವೆ ಆಯಿತು. ಮಾವ ಮೊದಲ ಪಂಕ್ತಿಯಲ್ಲೇ ಕೂತು, "ಈ ಪಾಯಸ ಗಂಟ್ಲಾಗೆ ಇಳಿಯಲ್ಲ" ಎನ್ನುತ್ತಾ ಮತ್ತೆ ಮತ್ತೆ ಬಡಿಸಿಕೊಂಡ.

ಇಂಥ ಮಾವನ ಸೊಸೆ ನಾನು. ನಮ್ಮ ಎರಡೂ ಕಡೆ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ. ಹೆಮ್ಮೆಯಿಂದಲೇ ಹೇಳುತ್ತೇನೆ, ಮುಚ್ಚಿಡುವಂಥದ್ದು ಏನಿದೆ? ಎಸ್ಸೆಸ್ಸೆಲ್ಸಿಗೆ ಮಾವ ಆಗಲ್ಲ ಅಂದ, ಆಯಿತು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಾಗ "ಹೆಣ್ಮಗಿಗೆ ಸೈನ್ಸ್ ಹತ್ತಲ್ಲ" ಅಂದ, ಹತ್ತಿತು. ಬಿಎಸ್ಸಿಗೆಂದು ಚಿತ್ರದುರ್ಗಕ್ಕೆ ಹೊರಟಾಗ ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿನಿಂದ ಹಾಸ್ಟೆಲಿನವರೆಗೆ ಬಂದವನು ಅವನೇ. ದಾರಿಯುದ್ದಕ್ಕೂ ಒಂದೇ ಜಪ: "ಹಾಸ್ಟೆಲ್ ಸೀಟು ಸಿಗಲ್ಲ, ನೋಡ್ತಿರು."

"ಸಿಗಲ್ಲ ಅಂದ್ಮೇಲೆ ಟ್ರಂಕ್ ಯಾಕೆ ಹೊತ್ಕಂಡ್ ಬಂದೆ ಮಾವ?"

"ಸಿಕ್ಕಿದ್ರೆ ಉಡಾಕೆ ಏನ್ ಮಾಡ್ತೀಯ?" ಅಂದ, ಟ್ರಂಕಿನ ಕೆಳಗಿನಿಂದ.

ಎಂಎಸ್ಸಿ ವಿಷಯ ಬಂದಾಗ ಮಾತ್ರ ಅಪ್ಪ ಷರತ್ತು ಹಾಕಿದರು. ಒಂದೇ ಏಟಿಗೆ ಮುಗಿಸಬೇಕು. ಒಂದು ಪೇಪರಾದರೂ ಉಳಿದುಕೊಂಡರೆ ಇನ್ನೊಂದು ವರ್ಷದ ಮಾತಿಲ್ಲ, ಪುಸ್ತಕ ಕಟ್ಟಿಟ್ಟು ಮನೆಗೆ ಬಂದು, ನೆಂಟರು ನೋಡಿಟ್ಟ ಗಂಡಿಗೆ ಕೊರಳು ಕೊಡಬೇಕು. ಆ ಗಂಡು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಎರಡು ವರ್ಷವೂ ಅವನು ನನ್ನ ಪುಸ್ತಕದ ಪ್ರತಿ ಪುಟದ ಮೇಲೆ ಮೀಸೆ ತಿರುವಿಕೊಂಡು ಕೂತಿದ್ದ.

ಪಾಠದ ಪರೀಕ್ಷೆಗಳೆಲ್ಲ ನೆಟ್ಟಗೇ ಆದವು. ಕೊನೆಗೆ ಉಳಿದದ್ದು ಪ್ರಾಜೆಕ್ಟ್. ನನ್ನ ಗೈಡ್ ಮೇಡಂ ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಡುವವರು. ಒಂದು ಬೆಳಗ್ಗೆ ಬಸ್ಸಿಳಿದು ಬಂದವರೇ, "ನಿನಗೆ ಕ್ಯಾರೆಟ್ ಕೊಟ್ಟಿದ್ದೇನೆ" ಅಂದರು. ಅವರ ಕೈಯಲ್ಲಿ ಬ್ಯಾಗು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ತಿಳಿಯಿತು, ಅವರು ಕೊಟ್ಟದ್ದು ವಿಷಯ!

ಆ ರಜೆಯಲ್ಲಿ ಮನೆಗೆ ಹೋಗಿ ಅಡುಗೆಮನೆಯಲ್ಲಿ ವಿವರಿಸಿದೆ. ಅಪ್ಪ ಹೊಲಕ್ಕೆ ಹೋಗಿದ್ದರು. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಮಾವ ಒಲೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ.

"ನೋಡವ್ವ, ಸೆಂಟಿಗೆ, ಔಷಧಿಗೆ ಬೇಕಾಗೋ ಎಷ್ಟೋ ವಸ್ತುಗಳನ್ನ ಫ್ಯಾಕ್ಟರಿನಾಗೆ ಮಾಡ್ತಾರೆ. ಒಂದು ಕೆಮಿಕಲ್‌ನ ಇನ್ನೊಂದು ಕೆಮಿಕಲ್ ಮಾಡ್ಬೇಕು ಅಂದ್ರೆ ಲೋಹ ಬೇಕು, ಕಾವು ಬೇಕು, ಮೂಗು ಸುಡೋ ಎಂಥೆಂಥವೋ ಎಣ್ಣೆ ಬೇಕು. ಆಮೇಲೆ ಉಳಿದಿದ್ದನ್ನ ಹಳ್ಳಕ್ಕೆ ಬಿಟ್ರೆ ಮೀನು ಸಾಯ್ತವೆ. ಅದೇ ಕೆಲಸನ ಹಸಿ ಕ್ಯಾರೆಟ್ ಒಳಗಿರೋ ಕಿಣ್ವ ಬರೀ ನೀರಿನಾಗೆ, ತಣ್ಣಗೆ ಮಾಡಿ ಕೊಡ್ತೈತೆ."

"ಕಿಣ್ವ ಅಂದ್ರೆ?"

"ಹೆಪ್ಪು ಇದ್ದಂಗೆ ಅನ್ಕೋ. ಒಂದು ಚೂರು ಹೆಪ್ಪು ಚೆಂಬು ಹಾಲನ್ನೆಲ್ಲ ಮೊಸರು ಮಾಡಲ್ವಾ? ಹಂಗೆ. ಕ್ಯಾರೆಟ್ ಹೆಚ್ಚಿ, ನೀರಿಗೆ ಹಾಕಿ, ಅದ್ರಾಗೆ ಎರಡು ತೊಟ್ಟು ಕೆಮಿಕಲ್ ಬಿಟ್ಟು, ಎರಡು ದಿನ ಅಲ್ಲಾಡಿಸಿದ್ರೆ ಆಯ್ತು."

ಅವ್ವನ ರೊಟ್ಟಿ ಹೆಂಚಿನ ಮೇಲೆ ಸೀಯಿತು. "ಕಾಯಿಪಲ್ಲೆ ಹೆಚ್ಚು ಬಾರೇ ಅಂದ್ರೆ ಓದಾದು ಐತೆ ಅಂತಿದ್ದೆ. ಈಗ ಓದಿ ಓದಿ ಕೊನೀಗೆ ಕಲ್ತಿದ್ದು ಕ್ಯಾರೆಟ್ ಹೆಚ್ಚಾದಾ?"

ಮಾವ ಗಂಭೀರವಾಗಿ ಗಡ್ಡ ಕೆರೆದುಕೊಂಡ. "ಬಾಯಿಲ್ಲ, ಹೊಟ್ಟೆ ಇಲ್ಲ. ಹೆಚ್ಚಿದ ಗಡ್ಡೆ ಹೆಂಗೆ ಕೆಲ್ಸ ಮಾಡ್ತೈತೆ? ಆಗೋ ಮಾತಲ್ಲ."

ಅಲ್ಲಿಗೆ ನನ್ನ ಪ್ರಾಜೆಕ್ಟಿಗೆ ಮುಹೂರ್ತವಾಯಿತು.

ಆದರೆ ಕ್ಯಾರೆಟ್ಟು ಒಪ್ಪಬೇಕಲ್ಲ! ಚಿತ್ರದುರ್ಗದ ಸಂತೆಯಿಂದ ತಂದ ಕ್ಯಾರೆಟ್ ಹೆಚ್ಚಿ ಹಾಕಿದೆ. ಎರಡು ದಿನ ಅಲ್ಲಾಡಿಸಿ ತೆಗೆದು ನೋಡಿದರೆ, ಹಾಕಿದ ಕೆಮಿಕಲ್ ಹಾಕಿದ ಹಾಗೇ ಕೂತಿತ್ತು, ಬೀಗರ ಮನೆಯಲ್ಲಿ ಮುನಿಸಿಕೊಂಡ ನೆಂಟನ ಹಾಗೆ. ಮೇಡಂ ಹೇಳಿದರು, "ಇವು ಎಷ್ಟೋ ದಿನ ಕೋಲ್ಡ್ ಸ್ಟೋರೇಜಿನಲ್ಲಿದ್ದವು ಕಣಮ್ಮ. ಕಿಣ್ವ ಸತ್ತುಹೋಗಿದೆ. ಹೊಲದಿಂದ ಆಗಷ್ಟೇ ಕಿತ್ತದ್ದು ಬೇಕು." ಮರುದಿನ ಸಂತೆಗೆ ಹೋಗಿ, ಕ್ಯಾರೆಟ್ ಕೈಗೆತ್ತಿಕೊಂಡು ಕೇಳಿದೆ, "ಇವುಕ್ಕೆ ಜೀವ ಐತೇನಮ್ಮ?" ತರಕಾರಿ ಮಾರುವ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವಳಿಗೆ ಹೇಳಿದಳು: "ಲೇ, ಈ ಪಾಪುಗೆ ಕೋಳಿ ಅಂಗಡಿ ತೋರ್ಸೇ."

ಫೋನಿನಲ್ಲಿ ಈ ಗೋಳನ್ನು ಅವ್ವನಿಗೆ ಹೇಳಿದ್ದೇ ತಡ, ಮಾವನ ಕಿವಿಗೆ ಬಿತ್ತು. ಹಿರೇಗುಂಟನೂರಿನಲ್ಲಿ ಅವನ ಗೆಳೆಯನೊಬ್ಬ ತೋಟದ ಮೂಲೆಯಲ್ಲಿ ಕ್ಯಾರೆಟ್ ಹಾಕಿದ್ದನಂತೆ. ಮಾವ ಕುರಿಗಳನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ, ನಸುಕಿಗೇ ಅಲ್ಲಿಗೆ ಹೋಗಿ, ಕ್ಯಾರೆಟ್ ಕೀಳಿಸಿ, ಸೊಪ್ಪಿನ ಸಮೇತ ಕಂಬಳಿಯಲ್ಲಿ ಸುತ್ತಿಕೊಂಡು ನಮ್ಮ ಡಿಪಾರ್ಟ್‌ಮೆಂಟಿನ ಮುಂದೆ ಪ್ರತ್ಯಕ್ಷನಾದ. ಆಗತಾನೇ ಹುಟ್ಟಿದ ಮರಿಯನ್ನು ಕುರಿಗಾರರು ಹೇಗೆ ಎದೆಗವಚಿಕೊಂಡು ತರುತ್ತಾರೋ, ಹಾಗೆ! ಕಂಬಳಿಯ ಸಂದಿಯಿಂದ ಸೊಪ್ಪು ಕಿವಿಗಳಂತೆ ಇಣುಕುತ್ತಿತ್ತು. ಇನ್ನೊಂದು ಕೈಯಲ್ಲಿ ಅವ್ವ ಕಳಿಸಿದ ಕಜ್ಜಾಯದ ಡಬ್ಬಿ. ಮುಚ್ಚಳ ತೆಗೆದರೆ ಎಲ್ಲಕ್ಕಿಂತ ಮೇಲೆ ಒಂದು ಒಣಮೆಣಸಿನಕಾಯಿ, ಒಂದು ತುಂಡು ಇದ್ದಿಲು.

"ಇದನ್ನೂ ತಿನ್ನೋದಾ?" ಎಂದು ಗೆಳತಿಯರು ಕೇಳಿದರು.

"ಇಲ್ರೇ, ಕರಿದ ತಿಂಡಿ ದಾರಿ ಮೇಲೆ ತರೋವಾಗ ಕಣ್ಣು ಬೀಳಬಾರದು ಅಂತ ನಮ್ಮ ಕಡೆ ಹಾಕ್ತಾರೆ" ಎಂದು ಇದ್ದಿಲು ಎತ್ತಿ ಎಸೆದು ಕಜ್ಜಾಯ ಹಂಚಿದೆ.

ಮೇಡಂ ಒಳ್ಳೆಯವರು. "ಅಷ್ಟು ದೂರದಿಂದ ತಂದಿದ್ದೀರಿ, ಒಳಗೆ ಬನ್ನಿ, ಏನು ಮಾಡುತ್ತಾಳೆ ನೋಡಿ" ಎಂದು ಮಾವನನ್ನು ಲ್ಯಾಬಿಗೆ ಕರೆದರು. ಮಾವ ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಬಂದವನ ಹಾಗೆ ಬಂದ. ನಾನು ಕ್ಯಾರೆಟ್ ತೊಳೆದು, ಸಿಪ್ಪೆ ಹೆರೆದು, ಹೆಚ್ಚಿ, ಫ್ಲಾಸ್ಕಿಗೆ ನೀರಿನೊಂದಿಗೆ ಹಾಕಿ, ಎರಡು ತೊಟ್ಟು ಕೆಮಿಕಲ್ ಬಿಟ್ಟು, ಶೇಕರಿನ ಮೇಲೆ ಇಟ್ಟೆ. ಶೇಕರ್ ಅಂದರೆ ಫ್ಲಾಸ್ಕನ್ನು ಹಗಲಿರುಳು ಮೆಲ್ಲಗೆ ತೂಗುವ ಯಂತ್ರ.

"ತೊಟ್ಲು!" ಅಂದ ಮಾವ, ಮುಖವೆಲ್ಲ ಅರಳಿಸಿಕೊಂಡು.

ಅಷ್ಟರಲ್ಲಿ ನನ್ನ ಇಡೀ ಕ್ಲಾಸು ಸುತ್ತ ನೆರೆಯಿತು. "ವಾವ್, ಏನು ಬಣ್ಣ ಕಣೇ!" "ಈ ಸಲ ಬಂದೇ ಬರುತ್ತೆ!" "ನಿಂದೇ ಫಸ್ಟ್ ಮುಗಿಯೋದು!" ಅಂದರು. ಮೇಡಂ ಕೂಡ ಬೆನ್ನು ತಟ್ಟಿ, "ಖಂಡಿತ ಆಗುತ್ತೆ" ಅಂದರು. ಮಾವನ ಮುಖ ಕಂದಿತು. ಅವನು ಒಂದು ಹೆಜ್ಜೆ ಮುಂದೆ ಬಂದು, ಇಡೀ ಲ್ಯಾಬಿಗೆ ಕೇಳುವ ಹಾಗೆ, "ಆಗಲ್ಲ ಮೇಡಮ್ಮೋರೇ, ಇದು ಆಗೋ ಕೆಲ್ಸ ಅಲ್ಲ" ಅಂದುಬಿಟ್ಟ!

ಮೇಡಂ ಮುಖ ನೋಡಬೇಕಿತ್ತು. ಪಾಪ, ಅವರಿಗೆ ಆ ಬಾಯಿಯ ಮಹಿಮೆ ಗೊತ್ತಿಲ್ಲ. ನಾನು ಅವರನ್ನು ಹೊರಗೆ ಕರೆದುಕೊಂಡು ಹೋಗಿ ಬೋರ್‌ವೆಲ್ಲು, ಟ್ರ್ಯಾಕ್ಟರು, ಹಲ್ಲಿನ ಹತ್ತಿ ಎಲ್ಲ ವಿವರಿಸಿ ಸಮಾಧಾನ ಮಾಡಿದೆ. ಕಥೆ ಕೇಳಲು ಕ್ಲಾಸೂ ಹೊರಗೆ ಬಂತು. ಲ್ಯಾಬಿನೊಳಗೆ ಮಾವನೊಬ್ಬನೇ, ತೊಟ್ಟಿಲ ಪಕ್ಕ.

ಎರಡು ದಿನದ ಮೇಲೆ ಫ್ಲಾಸ್ಕ್ ತೆಗೆದು ಸೋಸಿ, ಪರೀಕ್ಷೆಯ ಪ್ಲೇಟಿನ ಮೇಲೆ ತೊಟ್ಟಿಟ್ಟು, ನೇರಳೆ ದೀಪದ ಕೆಳಗೆ ಹಿಡಿದೆ. ಕ್ರಮ ಹೀಗೆ: ಹಾಕಿದ ಕೆಮಿಕಲ್ ಹಾಗೇ ಉಳಿದಿದ್ದರೆ ಒಂದು ಕಡೆ ಚುಕ್ಕೆ ಕಾಣುತ್ತದೆ. ಅದು ಬದಲಾಗಿದ್ದರೆ ಇನ್ನೊಂದು ಕಡೆ. ನನಗೆ ಎರಡೂ ಕಡೆ ಏನೂ ಕಾಣಲಿಲ್ಲ! ಹೊಸದು ಬರಲಿಲ್ಲ ಸರಿ, ಹಾಕಿದ್ದು ಎಲ್ಲಿ ಹೋಯಿತು? ಮೇಡಂ ಕನ್ನಡಕ ಒರೆಸಿಕೊಂಡರು. "ಬರದಿದ್ದರೆ ಹೋಗಲಿ, ಇದ್ದದ್ದೂ ಹೋಯಿತಲ್ಲಮ್ಮ!"

ಮುಂದಿನ ವಾರ ಮಾವ ಮತ್ತೆ ಕಂಬಳಿಯಲ್ಲಿ ಕ್ಯಾರೆಟ್ ತಂದ, ಮತ್ತೆ ತೊಟ್ಟಿಲು ನೋಡಿ ಹೋದ. ಮತ್ತೆ ಅದೇ ಕಥೆ. ಅದರ ಮುಂದಿನ ವಾರವೂ. ಆವಿಯಾಗಿರಬಹುದು ಎಂದು ಬಿರಡೆ ಬಿಗಿ ಮಾಡಿದೆವು. ಬಾಟಲಿಯೇ ಹಳತು ಎಂದು ಹೊಸ ಬಾಟಲಿ ಒಡೆದೆವು. ಕ್ಯಾರೆಟ್ಟೇ ಕುಡಿದುಬಿಟ್ಟಿತೇ ಎಂದು ಹೋಳುಗಳನ್ನು ಜಜ್ಜಿ ನೋಡಿದೆವು. ನನ್ನ ಕ್ಲಾಸಿನವರು ಲ್ಯಾಬಿನಲ್ಲಿ ದೆವ್ವ ಇದೆಯೆಂದೂ ಅದಕ್ಕೆ ಸೆಂಟಿನ ಹುಚ್ಚೆಂದೂ ತೀರ್ಮಾನಿಸಿದರು. ನಾನು ನಗಲಿಲ್ಲ. ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಮೇಡಂ ಮೆಲ್ಲಗೆ ಹೇಳಿದ್ದರು, "ಇನ್ನೊಂದು ಸಲ ಮಾಡೋಣ. ಅದೂ ಹೀಗೇ ಆದರೆ ಮುಂದಿನ ಬ್ಯಾಚಿನ ಜೊತೆ ಒಪ್ಪಿಸಬೇಕಾಗುತ್ತೆ." ಮುಂದಿನ ಬ್ಯಾಚು! ಅಂದರೆ ಇನ್ನೊಂದು ವರ್ಷ. ಅಂದರೆ ಅಪ್ಪನ ಷರತ್ತು. ಅಂದರೆ ಆ ಮೀಸೆಯ ಗಂಡು.

ಮೂರನೆಯ ಸಲದ ಫ್ಲಾಸ್ಕನ್ನು ತೊಳೆಯಲು ಸಿಂಕಿಗೆ ಬಗ್ಗಿಸುವಾಗ ಸೋಸುಕಾಗದದ ಮೇಲೆ ಕರ್ರಗೆ ಏನೋ ಉಳಿದದ್ದು ಕಂಡಿತು. ಮೊದಲ ಎರಡು ಸಲವೂ ಇತ್ತು; ಕ್ಯಾರೆಟ್ಟಿನ ಕೊಳೆತ ತುದಿ ಎಂದುಕೊಂಡು ಎಸೆದಿದ್ದೆವು. ಈ ಸಲ ಮೇಡಂ ಒಂದು ಚೂರನ್ನು ಬೆರಳಲ್ಲಿ ಹಿಡಿದು ಬಿಳಿ ಹಾಳೆಯ ಮೇಲೆ ಎಳೆದರು. ಕಪ್ಪು ಗೆರೆ ಬಿತ್ತು.

"ಇದ್ದಿಲು!" ಅಂದರು ಮೇಡಂ. "ಇದ್ದಿಲು ಎಲ್ಲಿಂದ ಬಂತು?"

ಎಲ್ಲಿಂದ ಬಂತೆಂದು ನನಗೆ ಆ ಕ್ಷಣವೇ ಗೊತ್ತಾಗಿ, ನೆಲ ಬಿರಿಯಬಾರದೇ ಅನ್ನಿಸಿತು.

ಇದ್ದಿಲಿನ ಗುಣ ಕೆಮಿಸ್ಟ್ರಿ ಓದಿದವರಿಗೆಲ್ಲ ಗೊತ್ತು. ಇಂಥ ಕೆಮಿಕಲ್ ಕಂಡರೆ ಅದು ಮೈಗೆಲ್ಲ ಅಂಟಿಸಿಕೊಂಡು ಕೂತುಬಿಡುತ್ತದೆ. ನಾವೇ ಬಣ್ಣ ತೆಗೆಯಲು, ವಾಸನೆ ತೆಗೆಯಲು ಬಾಟಲಿಯಲ್ಲಿ ಇಟ್ಟುಕೊಂಡಿರುತ್ತೇವೆ. ನನ್ನದು ಎರಡೇ ತೊಟ್ಟು. ಹಾಕಿದ್ದನ್ನೂ ಆಗಿದ್ದನ್ನೂ ಸೇರಿಸಿ ಗುಟುಕರಿಸಲು ಅಷ್ಟು ಇದ್ದಿಲು ಪುಡಿ ಧಾರಾಳವಾಗಿ ಸಾಕು.

ಫೋನ್ ಮಾಡಿದೆ.

"ಮಾವ, ನನ್ನ ಫ್ಲಾಸ್ಕಿಗೆ ಏನ್ ಹಾಕ್ದೆ?"

"ನಾನ್ಯಾಕೆ ಹಾಕ್ಲವ್ವ?"

"ಮಾವ!"

"ಒಂದ್ ಚೂರು ಇದ್ಲು. ಎಲೆಅಡ್ಕೆ ಸಂಚಿನಾಗೆ ಇತ್ತು. ಬೆರಳಾಗೆ ನುರಿದು ಉದುರಿಸ್ದೆ. ಜಾಸ್ತಿ ಏನಿಲ್ಲ."

"ಯಾಕೆ?"

"ಮತ್ತಿನ್ನೇನು? ಅಷ್ಟೂ ಜನ ಸುತ್ತ ನಿಂತು ಆಹಾ ಓಹೋ ಅಂತ ಬಾಯಿಬಾಯಿ ಬಿಟ್ಟು ನೋಡಿದ್ರೆ ಕ್ಯಾರೆಟ್ಟಾದ್ರೂ ಹೆಂಗೆ ತಡ್ಕಂತೈತೆ? ನಿಮ್ ಮೇಡಮ್ಮೋರಂತೂ ಖಂಡಿತ ಆಗ್ತೈತೆ ಅಂದೇಬಿಟ್ರು! ಓದಿದೋರು ಹಂಗೆಲ್ಲ ಬಾಯಿ ಬಿಡಬೌದಾ?"

ನನಗೆ ನಗು ಬರಬೇಕಿತ್ತು. ಅಳು ಬಂತು. "ಮಾವ, ಅದೇ ಇದ್ಲಿಂದ ಮೂರು ಸಲಾನೂ ಕೆಟ್ಟೋಯ್ತು. ಈ ಸಲಾನೂ ಆಗ್ಲಿಲ್ಲ ಅಂದ್ರೆ ನನ್ನ ಓದು ಇಲ್ಲಿಗೇ ನಿಲ್ತೈತೆ" ಅಂದೆ. ಮಾತಿಗೊಮ್ಮೆ ಆಗಲ್ಲ ಅನ್ನುವ ಮನುಷ್ಯ ಅದನ್ನೂ ಅನ್ನದೆ ಫೋನ್ ಇಟ್ಟುಬಿಟ್ಟ.

ಮರುದಿನ ಬೆಳಗ್ಗೆ ನಾನು ಡಿಪಾರ್ಟ್‌ಮೆಂಟಿಗೆ ಬರುವ ಮೊದಲೇ ಮಾವ ಅಲ್ಲಿದ್ದ. ಮಣ್ಣು ಹತ್ತಿದ ಕ್ಯಾರೆಟ್ಟುಗಳು ಇದ್ದವು. ಜೊತೆಗೆ ಅವ್ವನೂ ಇದ್ದಳು. ಮಾವ ಒಳಗೆ ಬರಲು ಸುತಾರಾಂ ಒಪ್ಪಲಿಲ್ಲ. "ನನ್ನ ಕೈ ನಂಗೇ ನಂಬಿಕಿಲ್ಲ" ಎಂದು ಬೇವಿನ ಮರದ ಕೆಳಗೆ, ಲ್ಯಾಬಿಗೆ ಬೆನ್ನು ಹಾಕಿ, ತಲೆಯ ಮೇಲೆ ಕಂಬಳಿ ಹೊದ್ದು ಕೂತ. ಮೇಡಂ ತಾವೇ ಅವನ ಹತ್ತಿರ ಹೋದರು.

"ಯಜಮಾನ್ರೇ, ಆ ಇದ್ದಿಲು ಇನ್ನೂ ಇದೆಯಾ?"

ಮಾವ ಸಂಚಿಯನ್ನು ಹಿಂದಕ್ಕೆ ಅಡಗಿಸಿಕೊಂಡ.

"ಹೆದರಬೇಡಿ. ಕಣ್ಣು ಬೀಳಬಾರದು, ಅಷ್ಟೇ ತಾನೇ? ಒಳಗೆ ಹಾಕಬೇಕು ಅಂತ ಏನಾದ್ರೂ ಶಾಸ್ತ್ರ ಇದೆಯಾ? ಹೊರಗೆ ಕಟ್ಟಿದರೆ ಆಗಲ್ವಾ?"

ಮಾವ ಕಂಬಳಿ ಸರಿಸಿ ಮುಖ ಹೊರಗೆ ಹಾಕಿದ. "ಮನೆ ಬಾಗ್ಲಿಗೆ ಹೊರಗೇ ಕಟ್ತೀವಿ" ಎಂದು ಒಪ್ಪಿಕೊಂಡ. ಹೀಗೆ ನಮ್ಮ ವಿಭಾಗದ ಶೇಕರಿನ ಕಾಲಿಗೆ ಒಂದು ಕರಿಬಟ್ಟೆಯ ಗಂಟು ಬಿತ್ತು. ಒಳಗೆ ಇದ್ದಿಲು, ಮೆಣಸಿನಕಾಯಿ. ವಿಜ್ಞಾನಕ್ಕೂ ಮಾವನಿಗೂ ಒಪ್ಪಂದವಾದದ್ದು ಹಾಗೆ. ನಗುತ್ತಿದ್ದ ನನ್ನ ಕ್ಲಾಸಿನವರು ಒಬ್ಬೊಬ್ಬರಾಗಿ ಬಂದು, "ನಮ್ಮ ಫ್ಲಾಸ್ಕನ್ನೂ ಇದೇ ಶೇಕರಿನ ಮೇಲೆ ಇಡ್ತೀವಿ ಕಣೇ, ಜಾಗ ಮಾಡು" ಎನ್ನತೊಡಗಿದರು!

ಫ್ಲಾಸ್ಕ್ ತೂಗುತ್ತಿತ್ತು. ಇನ್ನು ಕಾಯುವುದೊಂದೇ ಕೆಲಸ. ಅವ್ವನ ಜೊತೆ ಕಾರಿಡಾರಿನ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದೆ. ದೂರದಲ್ಲಿ ಬೇವಿನ ಮರದ ಕೆಳಗೆ ಕಂಬಳಿಯ ಗುಡ್ಡೆ.

"ಅಲ್ಲವ್ವ, ಮಾವ ಯಾಕೆ ಹಿಂಗೆ? ಹುಟ್ಟಿದಾಗಿಂದಾನೇ ಹಿಂಗಾ?"

ಅವ್ವ ರೊಟ್ಟಿ ಮುರಿಯುತ್ತ ಹೇಳಿದಳು. "ಎಲ್ಲಿ? ಮುಂಚೆ ಬಾಯಿಬಡುಕ. ಎಲ್ಲಾದುಕ್ಕೂ ಆಗ್ತೈತೆ ಆಗ್ತೈತೆ ಅಂತಿದ್ದ. ನಾನು ಏಳನೇ ಕ್ಲಾಸ್ನಾಗೆ ಊರಿಗೇ ಫಸ್ಟ್ ಬಂದ್ನಲ್ಲ, ಆವಾಗ ನನ್ನ ಹೆಗಲ ಮೇಲೆ ಕುಂದ್ರಿಸ್ಕಂಡು ಊರೆಲ್ಲ ತಿರುಗಿದ. ನಮ್ಮ ತಂಗಿ ಮೇಷ್ಟ್ರಮ್ಮ ಆಗ್ತಾಳೆ, ನೋಡ್ಕಳ್ರಲೇ ಅಂತ ಸಿಕ್ಕಿದೋರಿಗೆಲ್ಲ ಸಾರಿದ. ಅದೇ ಬ್ಯಾಸ್ಗೆನಾಗೆ ನಮ್ಮವ್ವ ತೀರ್ಕಂಡ್ಳು. ಮನೇನಾಗೆ ಗಂಡುಮಕ್ಳೇ. ಬೇಯಿಸಿ ಹಾಕಾಕೆ ಒಬ್ರು ಬೇಕಿತ್ತು. ನಾನು ಇಸ್ಕೂಲು ಬಿಟ್ಟೆ, ಅಷ್ಟೇ."

"ಮತ್ತೆ?"

"ಮತ್ತೇನು? ತನ್ನ ಬಾಯಿಂದಾನೇ ಹಂಗಾತು ಅಂತ ತಿಳ್ಕಂಡ. ಆವತ್ತಿಂದ ಒಳ್ಳೇದಾಗ್ತೈತೆ ಅನ್ನೋ ಮಾತು ಅವ್ನ ಬಾಯಾಗೆ ಬರಲ್ಲ. ಮ್ಯಾಲೆ ಕುಂತಿರಾದು ಏನೋ ಕೇಳಿಸ್ಕಂತೈತೆ ಅಂತ ಭಯ ಅವ್ನಿಗೆ. ಯಾರ ಮ್ಯಾಲೆ ಆಸೆ ಜಾಸ್ತಿನೋ ಅವ್ರಿಗೆ ಆಗಲ್ಲ ಅಂಬಾದೂ ಜಾಸ್ತಿ. ನಾನು ಎಷ್ಟು ಸಲ ಹೇಳೀನಿ, ಲೋ ಅಣ್ಣ, ಅವ್ವ ಸತ್ತಿದ್ದು ಜ್ವರಕ್ಕೆ, ನಿನ್ನ ಬಾಯಿಗಲ್ಲ ಅಂತ. ಕೇಳಿದ್ರಲ್ವಾ?" ಅನ್ನುತ್ತ ಅವ್ವ ಒಂದು ರೊಟ್ಟಿಗೆ ಪಲ್ಯ ಸುತ್ತಿ, "ಹೋಗು, ಆ ಗುಡ್ಡೆಗೆ ಕೊಟ್ಟು ಬಾ" ಅಂದಳು.

ಕೊಟ್ಟುಬಂದೆ. ಕಂಬಳಿಯೊಳಗಿಂದ ಕೈ ಮಾತ್ರ ಹೊರಗೆ ಬಂದು ರೊಟ್ಟಿ ಒಳಗೆ ಹೋಯಿತು.

ಎರಡು ದಿನದ ಮೇಲೆ ಪ್ಲೇಟನ್ನು ನೇರಳೆ ದೀಪದ ಕೆಳಗೆ ಹಿಡಿದೆ. ಹಳೆಯ ಜಾಗದಲ್ಲಿ ಮಸುಕಾಗಿ ಒಂದು ಚುಕ್ಕೆ. ಹೊಸ ಜಾಗದಲ್ಲಿ, ದಪ್ಪಗೆ, ದುಂಡಗೆ, ಇನ್ನೊಂದು! ಮೇಡಂ ಹೇಳಿದ್ದ ಜಾಗದಲ್ಲೇ! ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಮೇಡಂ ನನ್ನನ್ನು ತಬ್ಬಿಕೊಂಡದ್ದು ನೆನಪಿದೆ. ಲೋಹವಿಲ್ಲ, ಕಾವಿಲ್ಲ, ಒಂದು ಫ್ಲಾಸ್ಕ್ ನೀರಿನಲ್ಲಿ ಹಿರೇಗುಂಟನೂರಿನ ಕ್ಯಾರೆಟ್ಟು ಫ್ಯಾಕ್ಟರಿಯ ಕೆಲಸ ಮಾಡಿಬಿಟ್ಟಿತ್ತು. ಅದೂ ಅಂತಿಂಥ ಕೆಲಸವಲ್ಲ. ಇಂಥ ವಸ್ತುಗಳಲ್ಲಿ ಎಡಗೈ ಬಲಗೈ ಇದ್ದಂತೆ ಎರಡು ರೂಪ ಇರುತ್ತವೆ. ಮಾಮೂಲಿ ವಿಧಾನದಲ್ಲಿ ಎರಡೂ ಸಮಸಮ ಬೆರೆತು ಬರುತ್ತವೆ, ಬೇರೆ ಮಾಡುವುದು ದೊಡ್ಡ ತಲೆನೋವು. ಕ್ಯಾರೆಟ್ಟು ಬಹುಪಾಲು ಒಂದೇ ಕೈಯದನ್ನು ಆರಿಸಿ ಕೊಟ್ಟಿತ್ತು. ಆ ಬುದ್ಧಿಗೆ ಏನನ್ನಬೇಕು!

ಉಳಿದ ಕ್ಯಾರೆಟ್ಟಿನಲ್ಲಿ ಮತ್ತೆ ಮಾಡಿ ಖಾತ್ರಿ ಮಾಡಿಕೊಂಡ ಮೇಲೆ ಮಾವನನ್ನು ಊರಿನಿಂದ ಕರೆಸಿ, ಬಲವಂತವಾಗಿ ಒಳಗೆ ಎಳೆದು ತಂದು ಪ್ಲೇಟು ತೋರಿಸಿದೆ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ.

"ಇದೇನಾ?"

"ಇದೇ ಮಾವ."

"ಈ ಚುಕ್ಕೆಗಾ ಎರಡು ವರ್ಷ?"

ಪ್ರಾಜೆಕ್ಟ್ ಬರೆಯುವಾಗ ಮೇಡಂ ಒಂದು ಮಾತು ಹೇಳಿದರು: ಕೆಟ್ಟದ್ದನ್ನೂ ಬರೆಯಬೇಕು. ಹಾಗಾಗಿ ಇದ್ದಿಲು ಹಾಕಿದರೆ ಏನಾಗುತ್ತದೆ ಎಂದು ಬೇರೆಯಾಗಿ ಅಳೆದು ನೋಡಿ ಒಂದು ಪುಟ ಸೇರಿಸಿದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಪುಟದ ಬಳಿಯೇ ನಿಂತರು. "ಇದ್ದಿಲು ಹಾಕಿ ನೋಡಬೇಕು ಎಂಬ ಯೋಚನೆ ನಿಮಗೆ ಹೇಗೆ ಬಂತು? ಬಹಳ ಚೆನ್ನಾಗಿದೆ" ಅಂದರು. ನಾನು ಮೇಡಂ ಮುಖ ನೋಡಿದೆ. ಮೇಡಂ ಸೂರು ನೋಡಿದರು. "ಮನೆಯಲ್ಲಿ ಹಿರಿಯರೊಬ್ಬರು ಸೂಚಿಸಿದರು ಸರ್" ಅಂದೆ. ಸುಳ್ಳಲ್ಲವಲ್ಲ!

ಒಂದೇ ಏಟಿಗೆ ಪಾಸಾದೆ.

ಸರ್ಟಿಫಿಕೇಟ್ ಕೈಗೆ ಬಂದ ದಿನ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಎದೆಗೆ ಅವಚಿಕೊಂಡು ಊರಿಗೆ ಹೋದೆ. ನಮ್ಮ ಮನೆಯಲ್ಲಿ ಜನವೋ ಜನ. ಅಪ್ಪ ಹೊಸ ಅಂಗಿ ಹಾಕಿಕೊಂಡು ಎಲ್ಲರಿಗೂ ಟೀ ಕೊಡುತ್ತಿದ್ದರು. ಮಾವ ಮಾತ್ರ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಬೆಳಗಿನಿಂದ ಹರಿಯಬ್ಬೆಯ ಬಸ್‌ಸ್ಟಾಪಿನಲ್ಲಿ ನಿಂತು, "ಸರ್ಟಿಫಿಕೇಟೂ ಇಲ್ಲ, ಏನೂ ಇಲ್ಲ, ಅವ್ಳು ಸುಮ್ಕೆ ಬರ್ತಾ ಅವ್ಳೆ" ಎಂದು ಬಂದವರಿಗೆಲ್ಲ ಹೇಳಿ ಕಳಿಸಿದ್ದನಂತೆ. ಅದಕ್ಕೇ ಅಷ್ಟು ಜನ ಸೇರಿದ್ದರು!

ನಾನು ನೇರ ಹಿತ್ತಲಿಗೆ ಹೋಗಿ ಅವನ ಕೈಗೇ ಕೊಟ್ಟೆ. ಅಪ್ಪನಿಗೆ ಮೊದಲು ಕೊಡಬೇಕಿತ್ತೇನೋ. ಕಾಲು ಆ ಕಡೆ ಹೋಯಿತು. ಹಿಂದೆಯೇ ಇಡೀ ಮನೆ ಹಿತ್ತಲಿಗೆ ಬಂತು. ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿದರು. ಮಾವ ಕೊಡಲಿ ಕೆಳಗಿಟ್ಟು, ಕಂಬಳಿಯಂಚಿಗೆ ಕೈ ಒರೆಸಿಕೊಂಡು, ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನಿಗೆ ಓದಲು ಬರುವುದಿಲ್ಲ. ಆದರೂ ಮೇಲಿನಿಂದ ಕೆಳಗಿನವರೆಗೆ, ಒಂದು ಸಾಲೂ ಬಿಡದೆ ನೋಡಿದ. ಅಷ್ಟೂ ಜನ ಅವನ ಬಾಯನ್ನೇ ನೋಡುತ್ತಿದ್ದೆವು.

ಮಾವ ತಲೆ ಎತ್ತಿದ. ಜನರ ನಡುವೆ ಅವ್ವ ಎಲ್ಲಿದ್ದಾಳೆಂದು ಹುಡುಕಿದ. ಬಾಗಿಲ ಬಳಿ ನಿಂತಿದ್ದವಳ ಹತ್ತಿರ ಹೋಗಿ ಸರ್ಟಿಫಿಕೇಟನ್ನು ಅವಳ ಕೈಯಲ್ಲಿಟ್ಟ.

"ಓದವ್ವ ತಂಗಿ," ಅಂದ. "ಜೋರಾಗಿ ಓದು. ಯಾರ್ ಕೇಳಿಸ್ಕಂತಾರೋ ಕೇಳಿಸ್ಕಳ್ಲಿ."